ನಿನ್ನೆಯ ಬಿಸಿಲು, ಇವತ್ತಿನ ಸ್ನಾನ

ನಮಸ್ಕಾರ ಕೇಳುಗರೇ. ಬೆಂಗಳೂರಲ್ಲಿ ಯಾವ್ದಾದ್ರೂ ಹಳೇ ಬಡಾವಣೆಲಿ ಬೆಳಗ್ಗೆ ಟೆರೇಸ್ ಹತ್ತಿ ನೋಡಿ, ಜಯನಗರ ಆಗ್ಲಿ ಬನಶಂಕರಿ ಆಗ್ಲಿ, ನೀರಿನ ಟ್ಯಾಂಕ್ ಪಕ್ಕ ದಕ್ಷಿಣಕ್ಕೆ ಮುಖ ಮಾಡ್ಕೊಂಡು ಕೂತಿರೋ ಸೋಲಾರ್ ಹೀಟರ್‌ಗಳೇ ಕಾಣ್ಸುತ್ವೆ. ಸೋಲಾರ್ ಅಂದ್ರೆ ಎಲ್ರೂ ಪಾವಗಡದ 2050 ಮೆಗಾವ್ಯಾಟ್ ಪಾರ್ಕ್ ಹೆಸ್ರು ಹೇಳ್ತಾರೆ, ಬಚ್ಚಲಮನೆ ವಿಷ್ಯ ಯಾರೂ ಎತ್ತಲ್ಲ.

ಲೆಕ್ಕ ಹಾಕಿ ನೋಡಿ. 2000 ವ್ಯಾಟಿನ ಗೀಸರ್ ಅರ್ಧ ಗಂಟೆ ಓಡಿದ್ರೆ ಒಂದು ಯೂನಿಟ್. ಆರರಿಂದ ಎಂಟರೊಳಗೆ ಊರಿಗೂರೇ ಗೀಸರ್ ಹಾಕಿದ್ರೆ ಆ ಹೊತ್ತಿಗೆ ಬಿಸಿಲೂ ಸರಿಯಾಗಿ ಬಂದಿರಲ್ಲ, ಕರೆಂಟ್ ಕೊಡೋ ಪ್ಯಾನಲ್ ಏನೂ ಮಾಡಕ್ಕಾಗಲ್ಲ, ಆದ್ರೆ ಈ ಹೀಟರ್ ನಿನ್ನೆ ಮಧ್ಯಾಹ್ನದ ಬಿಸಿಲನ್ನ ಟ್ಯಾಂಕಲ್ಲಿ ಬಚ್ಚಿಟ್ಕೊಂಡಿರುತ್ತೆ. ಪಂಪೂ ಬೇಡ, ಕಾದ ನೀರು ಹಗುರ ಆಗಿ ತಾನೇ ಮೇಲೇರುತ್ತೆ.

ಇದು ಬರೀ ಜನರ ಒಳ್ಳೇತನದಿಂದ ಆಗಿದ್ದಲ್ಲ ಬಿಡಿ. 2007ರಲ್ಲಿ ಸರ್ಕಾರ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಮಾಡ್ತು, ಹಾಕ್ಸಿಲ್ಲ ಅಂದ್ರೆ ಕರೆಂಟ್ ಕನೆಕ್ಷನ್ ಇಲ್ಲ. ಹಾಕ್ಸಿದ್ರೆ ಬಿಲ್ಲಲ್ಲಿ ಯೂನಿಟ್ಟಿಗೆ 50 ಪೈಸೆ ರಿಯಾಯ್ತಿ, ತಿಂಗಳಿಗೆ ಹೆಚ್ಚಂದ್ರೆ 50 ರೂಪಾಯಿ ಅಂತ ಮಾಡಿದ್ರು. ಸಣ್ಣ ದುಡ್ಡೇ, ಆದ್ರೂ ಬಿಲ್ಲಲ್ಲಿ ಕಾಣ್ಸುತ್ತಿತ್ತಲ್ಲ! ಸ್ಪೇನಿನ ಬಾರ್ಸಿಲೋನಾ ನಗರ 2000ದಲ್ಲೇ ಇಂಥ ನಿಯಮ ತಂದಿತ್ತು, ದೊಡ್ಡ ಹೊಸ ಕಟ್ಟಡಗಳ ಬಿಸಿನೀರಲ್ಲಿ ಶೇಕಡ 60ರಷ್ಟು ಬಿಸಿಲಿಂದಲೇ ಬರ್ಬೇಕು ಅಂತ.

ತೊಂದ್ರೆ ಇಲ್ವಾ ಅಂದ್ರೆ ಇದೆ. ಬೋರ್‌ವೆಲ್ ಗಡಸು ನೀರಿಗೆ ಪೈಪ್ ಒಳಗೆ ಉಪ್ಪು ಕಟ್ಟುತ್ತೆ, ನಾಲ್ಕು ದಿನ ಮೋಡ ಹಿಡಿದ್ರೆ ಮತ್ತೆ ಗೀಸರೇ ಗತಿ. ನಮ್ಮನೇಲಿ ನಲ್ಲಿ ತಿರುಗಿಸಿದ್ರೆ ಮೊದ್ಲು ಒಂದೂವರೆ ಬಕೆಟ್ ತಣ್ಣೀರು ಬರುತ್ತೆ, ಪ್ಲಂಬರ್ ಪೈಪ್‌ನ ಊರೆಲ್ಲಾ ಸುತ್ತಿಸಿದಾನೆ, ಮೇಲಿಂದ ಅದಕ್ಕೆ ಹೊದಿಕೇನೂ ಹಾಕಿಲ್ಲ. ಆ ನೀರು ಗಿಡಕ್ಕೆ ಹೋಗುತ್ತೆ.

ನನಗೆ ನಿಜವಾದ ಚಿಂತೆ ಅಪಾರ್ಟ್‌ಮೆಂಟ್‌ದು. ಮನೆ ಅರವತ್ತು, ಟೆರೇಸ್ ಒಂದೇ. ಮೇಲಿನ ಎರಡು ಮೂರು ಮಹಡಿಗೆ ಸಾಕಾಗ್ಬಹುದು, ಕೆಳಗಿನವ್ರು? ಗೋಡೆ ಮೇಲೂ ಬಿಸಿಲು ಬೀಳುತ್ತೆ, ಬಾಲ್ಕನಿ ಕಂಬಿಗೂ ಬೀಳುತ್ತೆ, ಆದ್ರೆ ಬಿಲ್ಡರ್ ಪ್ಲ್ಯಾನ್ ಬರಿಯೋವಾಗ್ಲೇ ಆ ಜಾಗ ಇಟ್ಟಿರ್ಬೇಕು, ಎಲ್ಲಾ ಕಟ್ಟಿ ಮುಗಿದ್ಮೇಲೆ ಅಸೋಸಿಯೇಷನ್ ಮೀಟಿಂಗಲ್ಲಿ ಜಗಳ ಆಡಿದ್ರೆ ನೀರು ಕಾಯಲ್ಲ.