ಕಾಣುವ ಜಗಳ, ಕಾಣದ ರಾಜಿ

ಸ್ನೇಹಿತರೇ, ನನಗಿಂತ ಮೊದಲು ಮಾತನಾಡಿದವರು ಆನ್‌ಲೈನ್ ದ್ವೇಷಕ್ಕೆಲ್ಲ, ಯಾವ ಪೋಸ್ಟ್ ಯಾರಿಗೆ ಕಾಣಬೇಕೆಂದು ಆರಿಸುವ ಅಲ್ಗಾರಿದಮ್ ಕಾರಣ ಎಂದರು. ಸುಳ್ಳೇನಲ್ಲ. ಆ ಆಯ್ಕೆಯಲ್ಲಿ ಫೇಸ್‌ಬುಕ್ 2017ರಲ್ಲಿ ಕೋಪದ ಎಮೋಜಿಗೂ ಒಂದು ಲೈಕ್‌ನ ಐದು ಪಟ್ಟು ತೂಕ ಕೊಟ್ಟಿತ್ತು. ಆ ತೂಕ ಸೊನ್ನೆಗೆ ಇಳಿದದ್ದು 2020ರಲ್ಲಿ. ಆದರೆ 1990ರಲ್ಲೇ ಅಮೆರಿಕದ ವಕೀಲ ಮೈಕ್ ಗಾಡ್ವಿನ್, ಯೂಸ್‌ನೆಟ್ ಎಂಬ ಅಂದಿನ ಆನ್‌ಲೈನ್ ಚರ್ಚಾ ಜಾಲದ ವಾದಗಳನ್ನು ಕಂಡು, ಚರ್ಚೆ ಬೆಳೆದಷ್ಟೂ ಯಾರಾದರೊಬ್ಬರು ಹಿಟ್ಲರನನ್ನು ಎಳೆದು ತರುವುದು ಖಚಿತವಾಗುತ್ತ ಹೋಗುತ್ತದೆ ಎಂದಿದ್ದರು. ಆಗ ಲೈಕ್ ಇರಲಿಲ್ಲ, ಶೇರ್ ಇರಲಿಲ್ಲ. ನೋಡುವ ಗುಂಪು ಮಾತ್ರ ಇತ್ತು. ನನ್ನ ಮಾತು ಆ ಗುಂಪಿನ ಬಗ್ಗೆ.

ಒಂದು ಪ್ರಸಂಗ ಹೇಳುತ್ತೇನೆ, ಕೊಂಚ ಉದ್ದವಿದೆ. ನಾನೂ ನನ್ನ ಹಳೆಯ ಗೆಳೆಯನೂ ಒಂದು ರಾತ್ರಿ ಧರ್ಮ ಮತ್ತು ಮತದಾನದ ವಿಷಯಕ್ಕೆ ಆನ್‌ಲೈನ್‌ನಲ್ಲಿ ಎಲ್ಲರೆದುರು ಕಾದಾಡಿದೆವು. ಅವನು ಬರೆದದ್ದಕ್ಕೆ ಉತ್ತರಿಸುವ ಮೊದಲು ನಾನು ನೋಡುತ್ತಿದ್ದುದು ಅವನ ವಾದವನ್ನಲ್ಲ. ನನ್ನ ಹಿಂದಿನ ಸಾಲನ್ನು ಎಷ್ಟು ಜನ ಮೆಚ್ಚಿದ್ದಾರೆ ಎಂಬುದನ್ನು. ನಡುರಾತ್ರಿ ಅವನಿಂದ ಖಾಸಗಿ ಸಂದೇಶ ಬಂತು: “ನಿನಗೆ ನಿಜವಾಗಿಯೂ ಹಾಗೆ ಅನ್ನಿಸುತ್ತದೆಯೇನೋ?” “ಪೂರ್ತಿ ಇಲ್ಲ ಕಣೋ” ಎಂದು ಬರೆದೆ. “ನನಗೂ ಅಷ್ಟೇ” ಎಂದ. ಅದೇ ಮೊಬೈಲ್, ಅದೇ ಬೆರಳು! ಬೆಳಗಿನ ಜಾವದವರೆಗೆ ಮಾತನಾಡಿದೆವು. ಅವನ ಭಯ ಏನು ಎಂಬುದು ಅಂದೇ ನನಗೆ ಮೊದಲ ಬಾರಿಗೆ ತಿಳಿದದ್ದು.

ಆದರೆ ಕೇಳಿ, ನಾವಿಬ್ಬರೂ ಮರಳಿ ಹೋಗಿ ಅದನ್ನು ಎಲ್ಲರೆದುರು ಬರೆಯಲಿಲ್ಲ. ಧರ್ಮದ ವಿಷಯದಲ್ಲಿ ಒಂದು ಹೆಜ್ಜೆ ಹಿಂದಿಟ್ಟರೆ ಅದನ್ನು ಯಾರೂ ವಿವೇಕ ಎನ್ನುವುದಿಲ್ಲ, ತನ್ನವರಿಗೆ ಬಗೆದ ದ್ರೋಹ ಎನ್ನುತ್ತಾರೆ. ಹೀಗಾಗಿ ನಮ್ಮ ಜಗಳ ಇಂದಿಗೂ ಅಲ್ಲಿದೆ, ರಾಜಿ ಯಾರ ಕಣ್ಣಿಗೂ ಬಿದ್ದಿಲ್ಲ. ಇಂಥ ಲಕ್ಷಾಂತರ ಜಗಳಗಳನ್ನೇ ಓದುತ್ತ ಬೆಳೆಯುವ ಹುಡುಗನೊಬ್ಬ, ಎದುರು ಪಾಳೆಯದವರು ಎಂದೂ ಕರಗುವುದಿಲ್ಲ ಎಂದು ನಂಬಿದರೆ ಅವನನ್ನು ದೂರುವುದು ಹೇಗೆ?

ಎದುರು ಪಕ್ಷದವರ ಮಾತು ಕಿವಿಗೆ ಬಿದ್ದರೆ ಸಾಕು, ಮನಸ್ಸು ಅರಳುತ್ತದೆ ಎನ್ನುವವರಿದ್ದಾರೆ. 2018ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಟ್ವಿಟರ್ ಬಳಕೆದಾರರಿಗೆ ಒಂದು ತಿಂಗಳು ಎದುರಾಳಿಗಳ ಸಂದೇಶಗಳನ್ನೂ ತೋರಿಸಿದರು. ರಿಪಬ್ಲಿಕನ್ನರು ತಮ್ಮ ನಿಲುವಿನಲ್ಲಿ ಇನ್ನಷ್ಟು ಗಟ್ಟಿಯಾದರು. ಡೆಮಾಕ್ರಟರಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ. ಆಶ್ಚರ್ಯವೇಕೆ? ಅವರ ಕಿವಿಗೆ ಬಿದ್ದದ್ದೂ ಗುಂಪಿಗೆಂದು ಆಡಿದ ಮಾತೇ. ಅದರಲ್ಲಿ “ಪೂರ್ತಿ ಇಲ್ಲ ಕಣೋ” ಎಂಬ ಸಾಲು ಎಲ್ಲಿ ಸಿಗಬೇಕು?

ಸಮಯ ಮುಗಿಯಿತು ಎಂದು ಚೀಟಿ ಬಂದಿದೆ. ವಿಕಿಪೀಡಿಯದ ಬಗ್ಗೆ ವಿಸ್ತಾರವಾಗಿ ಹೇಳಬೇಕೆಂದಿದ್ದೆ. ಭಿನ್ನ ರಾಜಕೀಯ ನಿಲುವಿನವರು ಕೂಡಿ ತಿದ್ದಿದ ಲೇಖನಗಳ ಗುಣಮಟ್ಟ ಹೆಚ್ಚಿರುವುದನ್ನು 2019ರ ಅಧ್ಯಯನವೊಂದು ಗುರುತಿಸಿದೆ. ಅಲ್ಲಿಯೂ ಜಗಳ ಎಲ್ಲರಿಗೂ ಕಾಣುತ್ತದೆ. ಆದರೆ ಕೊನೆಗೆ ಇಬ್ಬರೂ ತಾಳಿಕೊಳ್ಳಬಲ್ಲ ಒಂದು ವಾಕ್ಯ ಪುಟದಲ್ಲಿ ಉಳಿಯಬೇಕು. ಹಾಗಾಗಿ ರಾಜಿಯೂ ಕಾಣುತ್ತದೆ.

ಕಾನೂನಿನ ಬಗ್ಗೆ ಹೇಳಬೇಕಾದುದನ್ನು ಬಿಡುತ್ತೇನೆ. ಇನ್ನು ಪ್ರಶ್ನೆಗಳು. ನನ್ನ ಮಾತನ್ನು ಒಪ್ಪದವರು ದಯವಿಟ್ಟು ಮೊದಲು ಕೇಳಿ.