ಓ ಪಾಸಿಟಿವ್ ಇದ್ದವರಿಗೆ ವೈರಸ್ ತಾಗುವುದಿಲ್ಲವೇ?

[ಉಣಕಲ್ ಕೆರೆಯ ದಂಡೆ, ಬೆಳಗಿನ ಹೊತ್ತು]

ಎಲ್ಲರಿಗೂ ನಮಸ್ಕಾರ. 2021ರ ಮೇ ತಿಂಗಳು. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಕಾಕಾನಿಗೆ ಮೂರು ದಿನದಿಂದ ಜ್ವರ. ಟೆಸ್ಟ್ ಮಾಡಿಸೋಣ ಬರ್ರಿ ಅಂದರೆ ಕೇಳಲೇ ಇಲ್ಲ. "ನಂದು ಓ ಪಾಸಿಟಿವ್ ಐತಿ. ಓ ಇದ್ದವರಿಗೆ ಕೊರೊನಾ ಬರಂಗಿಲ್ಲಂತ, ಮೊಬೈಲ್‌ನ್ಯಾಗ ಬಂದೈತಿ ನೋಡು" ಅಂದರು. ಆರನೇ ದಿನ ಉಸಿರಾಡಲು ಆಗದೆ ಆಸ್ಪತ್ರೆಗೆ ಸೇರಿಸಿದೆವು. ಒಂಬತ್ತು ದಿನ ಆಕ್ಸಿಜನ್ ಮೇಲೆ ಇದ್ದು ಮನೆಗೆ ಬಂದರು. ಆ ಮೆಸೇಜ್ ನಂಬಿ ದಿನ ಕಳೆದದ್ದು ನನಗೆ ಇವತ್ತಿಗೂ ನೋವು.

ಆ ಮೆಸೇಜಿನಲ್ಲಿ ಒಂದು ಚೂರು ನಿಜ ಇತ್ತು. ಅದು ಎಷ್ಟು ಅಂತ ನೋಡೋಣ.

[ತಟ್ಟೆಯಲ್ಲಿ ಧಾರವಾಡ ಪೇಡಾ, ಕ್ಯಾಮೆರಾ ಹತ್ತಿರಕ್ಕೆ]

ಪೇಡಾ ಮೇಲೆ ಸಕ್ಕರೆ ಪುಡಿ ಅಂಟಿದೆ, ಅಲ್ವಾ? ನಮ್ಮ ರಕ್ತದ ಕೆಂಪು ಕಣಗಳ ಮೇಲೂ ಸಕ್ಕರೆಗಳು ಅಂಟಿಕೊಂಡಿರುತ್ತವೆ. ಚಹಾಕ್ಕೆ ಹಾಕುವ ಸಕ್ಕರೆ ಅಲ್ಲ, ಬೇರೆ ಜಾತಿಯವು, ಸಣ್ಣ ಸರಪಳಿಯಂತೆ ಇರುತ್ತವೆ. ಈ ಸರಪಳಿಯ ಬುಡಕ್ಕೆ ಎಚ್ ಅಂತ ಹೆಸರು. ಅದರ ತುದಿಗೆ ಒಂದು ಬಗೆಯ ಸಕ್ಕರೆ ಸೇರಿದರೆ ನೀವು ಎ ಗ್ರೂಪ್. ಇನ್ನೊಂದು ಬಗೆಯದು ಸೇರಿದರೆ ಬಿ. ಎರಡೂ ಇದ್ದರೆ ಎಬಿ. ಏನೂ ಸೇರದೆ ಬರೀ ಎಚ್ ಉಳಿದರೆ ಓ. ರಕ್ತದಲ್ಲಿ ಗ್ರೂಪುಗಳಿವೆ ಅಂತ ಮೊದಲು ಕಂಡುಹಿಡಿದವರು ವಿಯೆನ್ನಾದ ವಿಜ್ಞಾನಿ ಕಾರ್ಲ್ ಲ್ಯಾಂಡ್‌ಸ್ಟೈನರ್. ಅದಕ್ಕೆ 1930ರಲ್ಲಿ ನೊಬೆಲ್ ಬಂತು.

ನನಗೆ ಬಹಳ ಹಿಡಿಸಿದ ಸಂಗತಿ ಮುಂದೆ ಇದೆ. ಈ ಸಕ್ಕರೆಗಳು ರಕ್ತದಲ್ಲಷ್ಟೇ ಇಲ್ಲ. ನಮ್ಮಲ್ಲಿ ಹೆಚ್ಚಿನವರ ಎಂಜಲಿನಲ್ಲಿ, ಕರುಳಿನ ಒಳಗೋಡೆಯಲ್ಲೂ ಇವೆ. ಕೆಲವು ವೈರಸ್‌ಗಳು ಅವನ್ನೇ ಹಿಡಿಕೆ ಮಾಡಿಕೊಂಡು ಒಳಗೆ ನುಗ್ಗುತ್ತವೆ.

ಇದಕ್ಕೆ ಸ್ಪಷ್ಟ ಉದಾಹರಣೆ ನೊರೊವೈರಸ್. ವಾಂತಿ, ಭೇದಿ ತರುವ ವೈರಸ್ ಇದು. 1968ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಊರಿನ ಶಾಲೆಯೊಂದರ ಮಕ್ಕಳಿಗೆ ಬಂದಿತ್ತು, ಊರಿನ ಹೆಸರೇ ಉಳಿದುಕೊಂಡಿತು. ಮುಂದೆ ವಿಜ್ಞಾನಿಗಳು, ಒಪ್ಪಿಕೊಂಡು ಮುಂದೆ ಬಂದ 77 ಜನರಿಗೆ ಈ ವೈರಸ್ ಕುಡಿಸಿ ನೋಡಿದರು. 2003ರಲ್ಲಿ ಫಲಿತಾಂಶ ಹೊರಬಂತು. ಅವರಲ್ಲಿ ಶೇಕಡಾ 29ರಷ್ಟು ಜನರಿಗೆ ಎಷ್ಟು ಕುಡಿಸಿದರೂ ಸೋಂಕು ತಾಗಲಿಲ್ಲ! ಅವರ ಎಫ್‌ಯುಟಿ2 ಎಂಬ ಜೀನ್ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ಅವರ ಕರುಳಿನಲ್ಲಿ ಆ ಸಕ್ಕರೆ ಇರಲಿಲ್ಲ. ವೈರಸ್‌ಗೆ ಹಿಡಿಕೆ ಸಿಗಲಿಲ್ಲ.

ಎಫ್‌ಯುಟಿ2 ವಿಷಯ ನಿಮ್ಮ ಬ್ಲಡ್ ಗ್ರೂಪ್ ಕಾರ್ಡಿನಲ್ಲಿ ಇರುವುದಿಲ್ಲ. ಎ ಆಗಲಿ, ಓ ಆಗಲಿ, ಯಾವ ಗ್ರೂಪಿನವರಲ್ಲೂ ಈ ಜೀನ್ ಸುಮ್ನೆ ಕೂತಿರಬಹುದು. ಅದೂ ಅಲ್ಲದೆ ಆ ಪ್ರಯೋಗದ ವೈರಸ್‌ಗೆ ಓ ಗ್ರೂಪಿನವರೇ ಜಾಸ್ತಿ ಸಿಕ್ಕಿಬಿದ್ದರು, ಬಿ ಗ್ರೂಪಿನವರು ಕಡಿಮೆ. ನೊರೊವೈರಸ್‌ನಲ್ಲೂ ತಳಿಗಳು ಬಹಳ, ಒಂದೊಂದಕ್ಕೆ ಒಂದೊಂದು ಸಕ್ಕರೆ ಇಷ್ಟ.

[ಮನೆಯ ಹಿತ್ತಲು, ನೀರು ತುಂಬಿದ ಡ್ರಮ್ಮುಗಳು]

ನಮ್ಮಲ್ಲಿ ನಳದ ನೀರು ಬಂದಾಗ ತುಂಬಿಟ್ಟು ದಿನಗಟ್ಟಲೆ ಬಳಸುವ ಮನೆಗಳು ಎಷ್ಟಿವೆ! ನೊರೊವೈರಸ್ ಕೈಯಿಂದ ನೀರಿಗೂ ಸೇರಬಹುದು. ಡ್ರಮ್ಮಿಗೆ ಕೈ ಅದ್ದಬೇಡಿ, ಉದ್ದ ಹಿಡಿಕೆಯ ಸವಟು ಬಳಸಿ. ಇನ್ನೊಂದು ಮಾತು. ಸ್ಯಾನಿಟೈಸರ್ ನೊರೊವೈರಸ್ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸೋಪು ಹಚ್ಚಿ ಕೈ ತೊಳೆಯಬೇಕು.

ಈಗ ಕೊರೊನಾ. 2020ರಲ್ಲಿ ಇಟಲಿ ಮತ್ತು ಸ್ಪೇನ್‌ನ ಆಸ್ಪತ್ರೆಗಳಲ್ಲಿ ಉಸಿರಾಟದ ತೊಂದರೆಯಿದ್ದ 1,610 ರೋಗಿಗಳ ಜೀನ್‌ಗಳನ್ನು ಪರೀಕ್ಷಿಸಿದರು. ಎ ಗ್ರೂಪಿನವರಿಗೆ ಅಪಾಯ ಸ್ವಲ್ಪ ಜಾಸ್ತಿ, ಓ ಗ್ರೂಪಿನವರಿಗೆ ಸ್ವಲ್ಪ ಕಡಿಮೆ ಅಂತ ಕಂಡಿತು. ಓ ಗ್ರೂಪಿನವರಲ್ಲಿ ರಕ್ತ ಹೆಪ್ಪುಗಟ್ಟಿಸುವ ಒಂದು ಪ್ರೋಟೀನ್ ಸುಮಾರು ಕಾಲು ಭಾಗ ಕಡಿಮೆ ಇರುತ್ತದೆ, ಕೊರೊನಾದಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆಯೂ ಇರುವುದರಿಂದ ಅದೂ ಒಂದು ಕಾರಣ ಇದ್ದೀತು. ಆಮೇಲೆ ಬೇರೆ ಕಡೆ ನಡೆದ ಕೆಲವು ಅಧ್ಯಯನಗಳಲ್ಲಿ ಆ ವ್ಯತ್ಯಾಸ ಕಾಣಲೇ ಇಲ್ಲ. "ಸ್ವಲ್ಪ ಕಡಿಮೆ" ಅನ್ನುವ ಮಾತು ಮೊಬೈಲ್ ಸುತ್ತಿ ನಮ್ಮ ಮನೆಗೆ ಬರುವಷ್ಟರಲ್ಲಿ "ಬರಂಗಿಲ್ಲ" ಆಗಿತ್ತು. ಕಾಕಾನಿಗೆ ಆಗ 61 ವರ್ಷ, ಸಕ್ಕರೆ ಕಾಯಿಲೆ ಬೇರೆ. ಆ ಎರಡರ ತೂಕದ ಮುಂದೆ ಬ್ಲಡ್ ಗ್ರೂಪಿನ ತೂಕ ಏನೂ ಅಲ್ಲ.

[ಆರೋಗ್ಯ ಕೇಂದ್ರದ ಮುಂದಿನ ಕಟ್ಟೆ]

ಹೋದ ತಿಂಗಳು ಕಾಕಾ ತಮ್ಮ ಮೊಮ್ಮಗಳನ್ನು ಎತ್ತಿಕೊಂಡು ರೋಟಾವೈರಸ್ ಹನಿ ಹಾಕಿಸಲು ಹೋಗಿದ್ದರು. ಇದೂ ಭೇದಿ ತರುವ ವೈರಸ್, ಇದರ ಹಲವು ತಳಿಗಳಿಗೂ ಅದೇ ಸಕ್ಕರೆ ಬೇಕು. 6, 10, 14 ವಾರಕ್ಕೆ ಹನಿ, ಸರ್ಕಾರದಿಂದ ಉಚಿತ. ನಾನೂ ಜೊತೆಗಿದ್ದೆ. "ಈಕಿದು ಯಾವ ಗ್ರೂಪ್ ಅಂತ ಇನ್ನೂ ನೋಡಿಲ್ರೀ ಅಕ್ಕಾರ, ನಡೀತೈತೇನು?" ಅಂತ ಕಾಕಾ ಹನಿ ಹಾಕುವ ನರ್ಸ್‌ಗೆ ಕೇಳಿದರು. "ಯಾವ ಗ್ರೂಪ್ ಇದ್ರೂ ಹಾಕೋದರೀ ಕಾಕಾ, ಕೂಸಿನ ಗಲ್ಲ ಮೆತ್ತಗ ಹಿಡೀರಿ" ಅಂದರು ಅವರು. ಕಾಕಾ ಹಿಡಿದರು.