ಮಕ್ಕಳ ಕೀಲುವಾತ: ಯಾರಿಗೆ ಯಾವ ಮದ್ದು?

ಕೇಳುಗರಿಗೆ ನಮಸ್ಕಾರ.

ಮೂರು ವರ್ಷದ ಪುಟ್ಟಿಯೊಬ್ಬಳು ಬೆಳಗ್ಗೆ ಹಾಸಿಗೆಯಿಂದಿಳಿದು ಒಂದು ಕಾಲು ಎಳೆದುಕೊಂಡು ನಡೆಯುತ್ತಾಳೆ. ಹತ್ತು ಗಂಟೆ ಹೊತ್ತಿಗೆ ಅಂಗಳದಲ್ಲಿ ಓಡುತ್ತಿರುತ್ತಾಳೆ. ‘ಎಲ್ಲೋ ಬಿದ್ದಿರಬೇಕು’ ಅಂತ ಅಜ್ಜಿ ಎಣ್ಣೆ ತಿಕ್ಕುತ್ತಾರೆ. ವಾತ ಅಂದರೆ ವಯಸ್ಸಾದವರಿಗೆ ಬರುವುದು ಅಂತಲೇ ನಮ್ಮ ಲೆಕ್ಕ, ಅಲ್ವಾ? ಆದರೆ 16 ವರ್ಷ ತುಂಬುವ ಮೊದಲೇ ಶುರುವಾಗಿ, ಕೀಲಿನ ಊತ ಆರು ವಾರವಾದರೂ ಇಳಿಯದೆ, ಬೇರೆ ಕಾರಣವೂ ಸಿಗದಿದ್ದರೆ ಅದು ಮಕ್ಕಳ ಕೀಲುವಾತ.

ಹೆಸರು ಒಂದು, ಒಳಗಿರುವ ಕಾಯಿಲೆ ಹಲವು. ಪುಟ್ಟಿಯ ಹಾಗೆ ಒಂದೆರಡು ಕೀಲು ಮಾತ್ರ ಊದಿದ್ದರೆ ಆ ಕೀಲಿನೊಳಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಎಷ್ಟೋ ಮಕ್ಕಳಿಗೆ ತಿಂಗಳುಗಟ್ಟಲೆ ಆರಾಮ. ಇಂಥವರಲ್ಲಿ ನನಗೆ ಕಾಲಿಗಿಂತ ಕಣ್ಣಿನ ಚಿಂತೆ ಜಾಸ್ತಿ. ಕಣ್ಣೊಳಗೆ ಉರಿಯೂತ ಬಂದರೂ ಕೆಂಪಾಗುವುದಿಲ್ಲ, ನೋಯುವುದಿಲ್ಲ. ಮಗು ಹೇಳುವುದಾದರೂ ಏನನ್ನು? ರಕ್ತದಲ್ಲಿ ಎಎನ್‌ಎ, ಅಂದರೆ ಸ್ವಂತ ಮೈಯ ವಿರುದ್ಧವೇ ತಿರುಗುವ ಒಂದು ಬಗೆಯ ಪ್ರತಿಕಾಯ, ಕಂಡುಬಂದ ಚಿಕ್ಕ ಮಕ್ಕಳನ್ನು ಮೊದಮೊದಲು ಮೂರು ತಿಂಗಳಿಗೊಮ್ಮೆಯಾದರೂ ಕಣ್ಣಿನ ಡಾಕ್ಟರಿಗೆ ತೋರಿಸಲೇಬೇಕು.

ಹತ್ತು ವರ್ಷದ ಹುಡುಗ ಹಿಮ್ಮಡಿ ನೋವು, ಬೆಳಗ್ಗೆ ಸೊಂಟ ಹಿಡಿಯುತ್ತದೆ ಅಂದರೆ ಅದರ ದಾರಿಯೇ ಬೇರೆ. ಇನ್ನು ಕೆಲವರಿಗೆ ದಿನಾ ಒಂದು ಹೊತ್ತು ಜ್ವರ ಏರುತ್ತದೆ, ಮೈಮೇಲೆ ಗುಲಾಬಿ ಬಣ್ಣದ ಕಲೆ ಮೂಡಿ ಜ್ವರದ ಜೊತೆಗೇ ಮಾಯವಾಗುತ್ತದೆ. ಅಲ್ಲಿ ಕಿಚ್ಚು ಹಚ್ಚುವುದು ಇಂಟರ್‌ಲ್ಯೂಕಿನ್ ಒಂದು ಮತ್ತು ಆರು ಎಂಬ ಪದಾರ್ಥಗಳು. ಇಂಟರ್‌ಲ್ಯೂಕಿನ್ ಆರನ್ನು ತಡೆಯುವ ಟೊಸಿಲಿಝುಮ್ಯಾಬ್ ಎಂಬ ಮದ್ದಿಗೆ ಇಂಥ ಮಕ್ಕಳಿಗೆಂದು ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕಿತು.

ಹಾಗಂತ ಎಲ್ಲವೂ ಮೊದಲೇ ಗೊತ್ತಾಗುತ್ತದೆ ಅಂದುಕೊಳ್ಳಬೇಡಿ. ಹಲವು ಕೀಲು ಊದಿದಾಗ ಸಾಮಾನ್ಯವಾಗಿ ಉರಿಯೂತ ತಗ್ಗಿಸುವ ಮೆಥೋಟ್ರೆಕ್ಸೇಟ್ ಎಂಬ ಮದ್ದು ಕೊಟ್ಟು ಎರಡು ಮೂರು ತಿಂಗಳು ಕಾಯುತ್ತೇವೆ. ಕೆಲವರಿಗೆ ಹಿಡಿಸುವುದಿಲ್ಲ. ಅಷ್ಟು ದಿನ ನೋವು ತಿಂದದ್ದು ಆ ಮಗು ತಾನೆ? ಯಾರಿಗೆ ಹಿಡಿಸುತ್ತದೆ ಅಂತ ರಕ್ತ ನೋಡಿ ಮೊದಲೇ ಹೇಳಲಾದೀತೇ ಎಂದು ಬ್ರಿಟನ್ನಿನ ಕ್ಲಸ್ಟರ್ ಎಂಬ ತಂಡ ಹುಡುಕುತ್ತಿದೆ.

ಅಲ್ಲಿಯವರೆಗೆ ಮಗುವನ್ನೇ ನೋಡಬೇಕು. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ಸಲ, ದಿನಾ ಅಲ್ಲ. ಇದನ್ನು ಮಾತ್ರ ಮರೆಯಬೇಡಿ. ಆ ಮದ್ದಿನ ಹಳದಿ ಬಣ್ಣ ಕಂಡರೇ ವಾಕರಿಸುವ ಮಕ್ಕಳಿದ್ದಾರೆ. ಅದು ಹಟವಲ್ಲ, ಸುಮ್ನೆ ಗದರಬೇಡಿ. ಡಾಕ್ಟರಿಗೆ ಹೇಳಿ. ಮಾತ್ರೆ ಬದಲು ಇಂಜೆಕ್ಷನ್ ಆಗಬಹುದು, ಜೊತೆಗೆ ಕೊಡುವ ಫೋಲಿಕ್ ಆಮ್ಲ ಎಂಬ ವಿಟಮಿನ್ ಹೊಂದಿಸಬಹುದು. ಶನಿವಾರ ರಾತ್ರಿ ಮಲಗುವ ಮುಂಚೆ ಕೊಟ್ಟರೆ ಭಾನುವಾರ ಹೇಗೂ ಶಾಲೆಗೆ ರಜೆ.

ನಮಸ್ಕಾರ.